ಕರೆಯೋಲೆ

ಮಕ್ಕಳ ಕಾಲಿಗೆ ಮುಳ್ಳು ಚುಚ್ಚಿ, ಆ ಎಡೆ ಕೆಂಪಗೆ ಊದಿ, ಕೀವು ಕಟ್ಟುವುದನ್ನು ಕಾಣದ ಮನೆಯಿಲ್ಲ. ಮನೆಯ ಹಿರಿಯಳು ಬಿಸಿ ಕಾವು ಕೊಟ್ಟು, ಹಣ್ಣಾಗಿ ತಾನೇ ಒಡೆಯುವುದೆಂದು ಸಮಾಧಾನ ಹೇಳುವಳು. ನೋಡಿದವರು ಮೂಗು ಮುರಿಯುವರು. ಆದರೆ ಆ ಕೀವಿನಲ್ಲಿ ಬಹುಪಾಲು ಕಾಳಗದಲ್ಲಿ ಮಡಿದ ಬಿಳಿಯ ರಕ್ತಕಣಗಳೆಂದು ತಿಳಿದವನಿಗೆ ಹೇಸಿಕೆಯ ಎಡೆಯಲ್ಲಿ ಗೌರವವೇ ಹುಟ್ಟೀತು.

1882ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿಯು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ ಇಟ್ಟನು. ಮರುದಿನ ನೋಡಲು, ಅಲೆದಾಡುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ಆದರೆ ಅವುಗಳಿಗೆ ಇತ್ತ ಬನ್ನಿರೆಂದು ಓಲೆ ಕಳುಹಿಸಿದವರಾರು?

ಮನುಷ್ಯದೇಹದಲ್ಲಿ ಅಂಥ ಓಲೆಗಳಲ್ಲೊಂದು 1987ರಲ್ಲಿ ಕೈಗೆ ಸಿಕ್ಕಿತು. ಅದು ಎಪ್ಪತ್ತೆರಡು ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು; ಇಂಟರ್‌ಲ್ಯೂಕಿನ್-8 ಎಂದು ಹೆಸರು. ಅದರ ಬಳಗಕ್ಕೆ ಕೆಮೊಕೈನುಗಳೆಂದು 1992ರಲ್ಲಿ ನಾಮಕರಣವಾಯಿತು. ಇಲಿಗಳಲ್ಲಿ ಈ ಪ್ರೋಟೀನೇ ಇಲ್ಲ. ಆದುದರಿಂದ ಇದನ್ನು ಅರಿಯಬಯಸುವವನಿಗೆ ಮನುಷ್ಯನ ಕಣಗಳೂ ಮನುಷ್ಯನ ಪ್ರೋಟೀನೂ ಬೇಕು.

ಅದನ್ನು ಪಡೆಯುವ ಬಗೆ ವಿಚಿತ್ರವಾದುದು. ಮನುಷ್ಯನ ಜೀನನ್ನು ಈ. ಕೋಲೈ ಎಂಬ ಬ್ಯಾಕ್ಟೀರಿಯದೊಳಗೆ ಸೇರಿಸಿದರೆ, ಅದು ತನ್ನ ಕುಲವನ್ನೇ ನುಂಗುವ ಸೈನಿಕರನ್ನು ಕರೆಯುವ ಓಲೆಯನ್ನು ತಾನೇ ಬರೆದುಕೊಡುತ್ತದೆ! ಅದನ್ನು ಶೋಧಿಸಿ ಒಣಗಿಸಿ ಸೀಸೆಗೆ ತುಂಬುವರು. ತಳದಲ್ಲಿರುವುದು ಕೆಲವೇ ಮೈಕ್ರೋಗ್ರಾಂ. ಕಣ್ಣಿಗೆ ಖಾಲಿ ಸೀಸೆಯಂತೆಯೇ ತೋರುವುದು.

1962ರಲ್ಲಿ ಬಾಯ್ಡನ್ ಎಂಬಾತನು ಕಲ್ಪಿಸಿದ ಎರಡಂಕಣದ ಪಾತ್ರೆಯಲ್ಲಿ ಇದರ ಪರೀಕ್ಷೆ. ನಡುವೆ ಸೂಕ್ಷ್ಮರಂಧ್ರಗಳ ಜಾಲರಿ. ಮೇಲೆ ಬಿಳಿಯ ಕಣಗಳು, ಕೆಳಗೆ ಪ್ರೋಟೀನಿನ ದ್ರವ. ಕಣಗಳು ತಮಗಿಂತ ಕಿರಿದಾದ ರಂಧ್ರದಲ್ಲಿ ಮೈ ಹಿಂಡಿಕೊಂಡು ಕೆಳಗಿಳಿಯುವುವು. ಕರೆ ಮಿತಿಮೀರಿದರೆ, ಆಶ್ಚರ್ಯವೆಂಬಂತೆ, ಇಳಿಯುವವು ಕಡಮೆಯಾಗುವುವು.

ಹೀಗೆ ಇಳಿದುದನ್ನು ಕಂಡು ಹಿಗ್ಗುವುದು ಸುಲಭ. ಆದರೆ ನಿಜವಾದ ಶೋಧಕನು ಆ ಹಿಗ್ಗನ್ನು ತಡೆದು ತನ್ನನ್ನೇ ಪ್ರಶ್ನಿಸಿಕೊಳ್ಳತಕ್ಕದ್ದು: ಕರೆದುದು ಪ್ರೋಟೀನೋ, ಅಥವಾ ಅದರೊಡನೆ ಉಳಿದುಬಂದ ಬ್ಯಾಕ್ಟೀರಿಯದ ಗೋಡೆಯ ವಿಷವೋ? ಕಣಗಳು ದಿಕ್ಕರಿತು ಹೋದುವೋ, ಬರಿದೆ ಚಂಚಲವಾಗಿ ಅಲೆದುವೋ? ಅದಕ್ಕಾಗಿ ಒಂದು ಪಾತ್ರೆಯಲ್ಲಿ ಪ್ರೋಟೀನಿಲ್ಲದ ದ್ರವವನ್ನೂ, ಇನ್ನೊಂದರಲ್ಲಿ ಎರಡು ಅಂಕಣಗಳಿಗೂ ಸಮನಾದ ಪ್ರೋಟೀನನ್ನೂ ಇಟ್ಟು ಹೋಲಿಸಬೇಕು. ಸೀಸೆಯೊಳಗಿನ ವಿಷದ ಪ್ರಮಾಣವನ್ನು ಬೇರೆಯಾಗಿ ಅಳೆಯಬೇಕು.

ಇಷ್ಟು ನಿಷ್ಠುರತೆ ಏತಕ್ಕೆಂದರೆ, ಕಾಲಿನ ಮುಳ್ಳಿಗೆ ಉಪಕಾರವಾದ ಇದೇ ಕರೆಯು ಶ್ವಾಸಕೋಶದಲ್ಲಿ ನಿಲ್ಲದೆ ಮೊಳಗಿದರೆ, ಬಂದ ಸೈನಿಕರೇ ಮನೆಯನ್ನು ಹಾಳುಗೆಡವುವರು. ರೋಗಿಗೆ ಉಸಿರೇ ಕಷ್ಟವಾಗುವುದು. ಕರೆಯನ್ನು ಹದವಾಗಿ ತಗ್ಗಿಸುವ ಮದ್ದನ್ನು ಹುಡುಕುವವರು ಪಾತ್ರೆಯ ಲೆಕ್ಕವನ್ನು ನಂಬಿಯೇ ಮುಂದಿನ ಹೆಜ್ಜೆಯಿಡುವರು. ಅಲ್ಲಿ ಸುಳ್ಳು ಸೇರಿದರೆ, ಅದರ ಸಾಲವನ್ನು ತೀರಿಸುವವನು ಎಲ್ಲಿಯೋ ಹಾಸಿಗೆಯಲ್ಲಿ ಏದುಸಿರು ಬಿಡುತ್ತಿರುವ, ಆ ಸೀಸೆಯನ್ನು ಎಂದೂ ಕಾಣದ ಮನುಷ್ಯನು.