ಕಿತ್ತೂರಿನ ಸೆರೆಯಾಳು

ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ತೈಲವೆರೆಯುವ ಉತ್ಸವಕ್ಕೆಂದು ನಾವು ಹೋಗಿದ್ದಾಗ, ಇಳಿದುಕೊಂಡಿದ್ದ ಸದ್ಭಕ್ತರ ಮನೆಯಲ್ಲಿ ಮಕ್ಕಳು ಕಿತ್ತೂರಿನ ಕುರಿತ ಸಾಕ್ಷ್ಯಚಿತ್ರವೊಂದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದರು. ಸಾಯಂಕಾಲದ ಲಿಂಗಪೂಜೆ ಮುಗಿಸಿ ನಾವೂ ಹೋಗಿ ಕುಳಿತೆವು.

ಚಿತ್ರ ಚೆನ್ನಾಗಿಯೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ಲಿಂಗೈಕ್ಯನಾದುದು, ದತ್ತಕವನ್ನು ಕಂಪನಿ ಸರಕಾರ ಒಪ್ಪದೆ ಬೊಕ್ಕಸಕ್ಕೆ ಮುದ್ರೆಯೊತ್ತಿದುದು, ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕೋಟೆಯಿಂದ ಹೊರನುಗ್ಗಿದುದು ಎಲ್ಲವೂ ಬಂದವು. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ಕೈಯೂ ಎದ್ದಿತೆಂಬುದನ್ನು ಮುಚ್ಚಿಡಲಾರೆವು.

ಆದರೆ ಆ ದಿನ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳು ಕ್ಷಣಮಾತ್ರ ಕಂಡು ಮರೆಯಾದರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ 21 ವರ್ಷದ ವಾಲ್ಟರ್ ಎಲಿಯಟ್. ಸುಮಾರು ಆರು ವಾರ ಅವರನ್ನು ಜೀವಸಹಿತ ಕಾಪಾಡಿ, ಸಂಧಿಯಾದೀತೆಂಬ ಭರವಸೆಯಿಂದ ಡಿಸೆಂಬರಿನ ಆರಂಭದಲ್ಲಿ ರಾಣಿ ಬಿಟ್ಟುಕೊಟ್ಟಳು. ಕಮಿಷನರ್ ಚಾಪ್ಲಿನ್ನನ ಸೈನ್ಯ ಹಿಂದಿರುಗಲಿಲ್ಲ. ಡಿಸೆಂಬರ್ 5ರಂದು ಕೋಟೆ ಬಿದ್ದಿತು.

ಇದನ್ನು ನಾವು ವಿವರಿಸಲು, ಮನೆಯ ಹಿರಿಯ ಮೊಮ್ಮಗ ಥಟ್ಟನೆ ಕೇಳಿದ: "ಅಜ್ಜಾರೇ, ಬಿಟ್ಟಿದ್ದಕ್ಕೇ ಅಲ್ವೇನ್ರಿ ಸೋತಿದ್ದು?"

ಹನ್ನೆರಡು ವರ್ಷದ ಬಾಲಕನಿಗೆ ಏನು ಹೇಳುವುದು? ಮಠದಲ್ಲಿ ಶಾಸನಪಾಠ ಕಲಿಯುವಾಗಲೇ ಎಲಿಯಟ್ಟನ ಹೆಸರು ನಮಗೆ ಪರಿಚಿತವಾಗಿತ್ತು. ಕನ್ನಡ ನಾಡಿನ ಶಿಲಾಶಾಸನಗಳನ್ನು ಪ್ರತಿ ಮಾಡಿಸಿ 595 ಪಾಠಗಳನ್ನು ಕೂಡಿಸಿದವನು ಆತನೇ. ಚಾಲುಕ್ಯರ ವಂಶಾವಳಿಯನ್ನು ಅವುಗಳಿಂದ ಬಿಡಿಸಿ 1837ರಲ್ಲಿ ಪ್ರಕಟಿಸಿದನು. ಮುಂದೆ ಫ್ಲೀಟ್ ಮೊದಲಾದವರು ಆ ಸಂಗ್ರಹವನ್ನು ಬಳಸಿಕೊಂಡರು. ಆ ವಿದ್ವಾಂಸನೂ ಕಿತ್ತೂರಿನ ಸೆರೆಯಾಳೂ ಒಬ್ಬನೇ ಎಂದು ನಮಗೆ ತಿಳಿದುದು ಬಹುಕಾಲದ ಮೇಲೆ. ಆ ರಾತ್ರಿ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ. ಕೋಟೆಯೊಳಗೆ ಒಬ್ಬ ಸಿಟ್ಟಾಳು ಕತ್ತಿಯೆತ್ತಿದ್ದರೆ ಆ ಪಾಠಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಅಷ್ಟೆಂದು ರಾಣಿಯು ಶಾಸನಗಳಿಗಾಗಿ ಅವನನ್ನು ಉಳಿಸಿದಳೆನ್ನಲಾಗದು. ಕೈಗೆ ಸಿಕ್ಕವನನ್ನು ಕೊಲ್ಲಲಿಲ್ಲ, ಅಷ್ಟೇ. ಬಾಲಕನಿಗೆ ಇದಿಷ್ಟನ್ನೂ ಹೇಳಿದೆವು.

ಅಷ್ಟರಲ್ಲಿ ಚಿತ್ರ ಬೈಲಹೊಂಗಲಕ್ಕೆ ಬಂದಿತ್ತು. ನಾಲ್ಕು ವರ್ಷಗಳ ಸೆರೆವಾಸವನ್ನು ಒಂದೇ ವಾಕ್ಯದಲ್ಲಿ ದಾಟಿಸಿ, 1829ರ ಫೆಬ್ರುವರಿಯಲ್ಲಿ ರಾಣಿ ಲಿಂಗೈಕ್ಯಳಾದಳೆಂದು ತಿಳಿಸಿ, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡದತ್ತ ಹೊರಟಿತು. ಬಾಲಕನಿಗೆ ಅದು ಬೇಡವಾಗಿತ್ತು.

"ಆವಾಗ ಆ ಎಲಿಯಟ್ ಸಾಹೇಬ್ರು ಎಲ್ಲಿದ್ರು?"

"ಈ ಸೀಮೆಯಲ್ಲೇ ಇದ್ದರಪ್ಪಾ, 1833ರವರೆಗೆ," ಎಂದೆವು.

"ಹಂಗಾರೆ ರಾಣೀನ ನೋಡಾಕ ಹೋಗಿದ್ರೇನು?"

ಅವನ ಅಜ್ಜಿ ಒಳಗಿನಿಂದ ಊಟಕ್ಕೆ ಕರೆದರು. ನಾವು ಅವನ ಮುಖವನ್ನೇ ನೋಡುತ್ತ ಕುಳಿತಿದ್ದೆವು.