ಸ್ಟಿಕ್ಕರ್ ಇಲ್ಲದ ರ‍್ಯಾಮ್

ಆಂಧ್ರದ ಪೆದ್ದಕಡುಬೂರಿನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಚೀಲಕ್ಕೆ ಹಾಕಿಕೊಂಡು ಆದೋನಿಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಬಳ್ಳಾರಿ, ಅಲ್ಲೂ ಆಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. 1953ರವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯದೇ ಆಗಿತ್ತು. ರಾಜ್ಯ ಬೇರೆಯಾದ ಮೇಲೂ ಇಲ್ಲಿನ ಕನ್ನಡ ಮನೆಗಳ ಓಡಾಟ ಆ ಕಡೆಗೆ ನಿಂತಿಲ್ಲ.

ಹದಿನೈದು ವರ್ಷದ ಹಿಂದಿನ ರಿಪೇರಿ ಮೇಜನ್ನು ಕಂಡವರಿಗೆ ಗೊತ್ತು: ಹಿಂಬದಿಯ ಎರಡು ಸ್ಕ್ರೂ ಬಿಚ್ಚಿದರೆ ರ‍್ಯಾಮ್ ಕೈಗೆ ಬರುತ್ತಿತ್ತು. ಅದರ ಸ್ಟಿಕ್ಕರಿನ ಮೇಲೆ ‘2ಜಿಬಿ 2ಆರ್‌ಎಕ್ಸ್8 ಪಿಸಿ3-10600ಎಸ್’ ಎಂದು ಅಚ್ಚಾಗಿರುತ್ತಿತ್ತು. ಹಾರ್ಡ್ ಡಿಸ್ಕಿನ ಮೇಲೂ ಹಾಗೆಯೇ. ಬೋರ್ಡ್ ಸತ್ತರೂ ಇವೆರಡನ್ನೂ ಬೇರೆ ಯಂತ್ರಕ್ಕೆ ಹಾಕಬಹುದಿತ್ತು. ತಂದವನೂ ಪಕ್ಕದಲ್ಲೇ ನಿಂತು ಓದಿಕೊಳ್ಳುತ್ತಿದ್ದ. ಮೆಕ್ಯಾನಿಕ್ಕಿನ ಮಾತನ್ನೇ ನಂಬಬೇಕಾದ ಪ್ರಮೇಯವಿರಲಿಲ್ಲ.

ಆಮೇಲೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಯಿತು. 2008ರ ಮ್ಯಾಕ್‌ಬುಕ್ ಏರ್, 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ, ನಂತರ ತೆಳ್ಳಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು. ಅಗ್ಗದವುಗಳಲ್ಲಿ ಸಂಗ್ರಹವೂ ಇಎಂಎಂಸಿ ಎಂಬ ಒಂದೇ ಚಿಪ್ಪಾಗಿ ಅಂಟಿತು. ಆನ್ ಆಗುವ ಯಂತ್ರವಾದರೆ ತೆರೆ ನೋಡಿದರೆ ಸಾಕು, ಎಷ್ಟು ಜಿಬಿ ಎಂದು ಅದೇ ಹೇಳುತ್ತದೆ. ಸತ್ತ ಬೋರ್ಡ್ ಏನನ್ನೂ ಹೇಳುವುದಿಲ್ಲ. ಆದರೂ ಹೇಳಿಸಲೇಬೇಕು, ಬದಲಿ ಬೋರ್ಡ್ ಹುಡುಕಲಿಕ್ಕೂ ಬೆಲೆ ಕಟ್ಟಲಿಕ್ಕೂ ಅದೇ ಆಧಾರ.

ಮ್ಯಾಕ್‌ಬುಕ್ ಏರ್‌ನ ತಳದಲ್ಲಿ ಬರೆದ ಎ1466 ಎಂಬ ಸಂಖ್ಯೆ 2012ರಿಂದ 2017ರವರೆಗಿನ ಹದಿಮೂರು ಇಂಚಿನ ಏರ್‌ಗಳಿಗೆಲ್ಲ ಒಂದೇ. ಬೋರ್ಡಿನ ಮೇಲಿನ 820-00165 ಇನ್ನಷ್ಟು ಹತ್ತಿರ ಒಯ್ಯುತ್ತದೆ, ಆದರೆ ಅದು ವಿನ್ಯಾಸದ ಹೆಸರು ಮಾತ್ರ. ಅದೇ ಬೋರ್ಡ್ 4 ಜಿಬಿಯಲ್ಲೂ ಬಂದಿದೆ, 8 ಜಿಬಿಯಲ್ಲೂ ಬಂದಿದೆ. ಹನ್ನೆರಡು ಅಕ್ಷರದ ಹಳೆಯ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಮಾದರಿಯನ್ನು ಸೂಚಿಸುತ್ತಿದ್ದವು. 2021ರಿಂದ ಆಪಲ್ ಯಾದೃಚ್ಛಿಕ ಅಕ್ಷರಗಳನ್ನು ಕೊಡಲು ಶುರುಮಾಡಿದ್ದರಿಂದ ಆ ಸುಳಿವೂ ಹೋಯಿತು.

ಕೊನೆಗೆ ಚಿಪ್ಪನ್ನೇ ಓದಬೇಕು. ಭೂತಗನ್ನಡಿ, ಓರೆಯಾಗಿ ಹಿಡಿದ ಟಾರ್ಚು. ಸ್ಯಾಮ್‌ಸಂಗಿನ ಕೆ4ಎ8ಜಿ165 ಎಂದರೆ ಡಿಡಿಆರ್4, 8 ಗಿಗಾಬಿಟ್. ಅದು ಬಿಟ್, ಬೈಟ್ ಅಲ್ಲ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಅಂಥ ನಾಲ್ಕು ಚಿಪ್ ಇದ್ದರೆ ರ‍್ಯಾಮ್ 4 ಜಿಬಿ. ಹೊಸಬರು ಎಡವುವುದು ಈ ಲೆಕ್ಕದಲ್ಲೇ. ಮೈಕ್ರಾನ್ ಚಿಪ್ಪಿನ ಮೇಲಂತೂ ಐದಕ್ಷರದ ಸಂಕೇತ ಮಾತ್ರ ಇರುತ್ತದೆ. ಅರ್ಥ ಬೇಕಾದರೆ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಇನ್ನು ಯಾವ ಕಂಪನಿಯ ಎಷ್ಟು ರ‍್ಯಾಮ್ ಕೂತಿದೆ ಎಂದು ಬಯಾಸ್‌ಗೆ ತಿಳಿಸಲು ಸಾಸಿವೆಗಿಂತ ಸಣ್ಣ ರೆಸಿಸ್ಟರ್‌ಗಳಿರುತ್ತವೆ. ಚಿಪ್ ಬದಲಿಸಿ ಇವನ್ನು ಬದಲಿಸದಿದ್ದರೆ ಬಯಾಸ್ ಹಳೆಯ ಲೆಕ್ಕವನ್ನೇ ಹಿಡಿದಿರುತ್ತದೆ. ಹಿಂದೆ ಸ್ಕ್ರೂಡ್ರೈವರಿನಲ್ಲಿ ಮುಗಿಯುತ್ತಿದ್ದುದಕ್ಕೆ ಈಗ ಸ್ಕೀಮ್ಯಾಟಿಕ್ ಓದಲು ಬರಬೇಕು. ಇದನ್ನು ಹಿರಿಯರ ಮೇಜಿನ ಪಕ್ಕ ಕೂತು ಕಲಿತ ಸಣ್ಣ ಊರಿನ ಹುಡುಗರ ಜಾಣ್ಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

“ಅಣ್ಣಾ, ಇದ್ರಾಗ ನಮ್ ಫೋಟೋ ಉಳದಾವೇನ್ರಿ?” ಎಂಬ ಪ್ರಶ್ನೆಗೆ ಸಿಗುವ ಉತ್ತರವೂ ಬದಲಾಗಿದೆ. 2015ರ ಏರ್ ಆದರೆ ಎಸ್‌ಎಸ್‌ಡಿಯನ್ನು ಬಿಚ್ಚಿ ತೆಗೆಯಬಹುದು. 2016ರ ಟಚ್ ಬಾರ್ ಪ್ರೊದಲ್ಲಿ ಅದು ಬೋರ್ಡಿಗೇ ಬೆಸುಗೆ. 2018ರ ಮ್ಯಾಕ್‌ಬುಕ್ ಪ್ರೊಗೆ ಬಂದ ಟಿ2 ಚಿಪ್ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸಿ ಕೀಲಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಸಂಗ್ರಹದ ಚಿಪ್ಪುಗಳನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಫೋಟೋ ಬರುವುದಿಲ್ಲ. 2020ರ ಎಂ1ನಲ್ಲಿ ರ‍್ಯಾಮ್ ಕೂಡ ಪ್ರೊಸೆಸರಿನ ಪ್ಯಾಕೇಜಿಗೇ ಸೇರಿಹೋಯಿತು.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಬೋರ್ಡಿನ ಮೇಲೆ ರ‍್ಯಾಮ್ ಎಷ್ಟು, ಸಂಗ್ರಹ ಎಷ್ಟು ಎಂದು ಒಂದು ಸಾಲನ್ನು ಕಂಪನಿಗಳು ಅಚ್ಚುಹಾಕುವಂತೆ ಸರ್ಕಾರ ಮಾಡಿದರೂ ಕೊಳ್ಳುವವನಿಗೂ ರಿಪೇರಿಯವನಿಗೂ ಬಹಳ ಉಪಕಾರವಾದೀತು. ಸದ್ಯಕ್ಕಂತೂ ಟಿ2 ಬೋರ್ಡ್ ತಂದವರಿಗೆ ಬದಲಿ ಬೋರ್ಡಿನಿಂದ ಫೋಟೋ ಸಿಗದು. ಮಲ್ಟಿಮೀಟರ್ ಹಿಡಿದು ಶಾರ್ಟ್ ಆದ ಕೆಪಾಸಿಟರ್ ಹುಡುಕಿ, ಸತ್ತ ಅದೇ ಬೋರ್ಡನ್ನು ಒಂದು ಸಲವಾದರೂ ಎಬ್ಬಿಸಬೇಕು.