ಗುಮಾಸ್ತರು ಕೇಳದ ಕಾಗದ

ಕಚೇರಿಯಲ್ಲಿ ನಾವು ಕಾಗದಪತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪ್ರವಾಸ ಭತ್ಯೆಯ ಬಿಲ್ಲಿಗೆ ಟಿಕೆಟ್ ಲಗತ್ತಿಸದಿದ್ದರೆ ಆಪ್ತ ಸ್ನೇಹಿತರದಾದರೂ ಸರಿ, ಹಿಂದಕ್ಕೆ ಕಳಿಸುತ್ತೇವೆ. ಅಂಥ ನಾವು ಒಬ್ಬ ಮನುಷ್ಯನನ್ನೇ ಬೀಗ ಹಾಕಿದ ಗೇಟಿನೊಳಕ್ಕೆ ಒಪ್ಪಿಸಿದ ದಿನ ಒಂದು ಕಾಗದವನ್ನೂ ಕೇಳಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ನಮ್ಮ ಕನ್ನಡ ಬಂಧುಗಳ ಯಾವುದಾದರೂ ಮನೆಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಮೊದಲು ಹಳೆಯ ಪಾಪದಿಂದ ಆರಂಭಿಸುವುದು ಮೇಲು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನಲ್ಲಿ ನಾವು ಕೆಲವು ವರ್ಷ ಇದ್ದೆವು. ನಮ್ಮ ಗಲ್ಲಿಯ ಒಂದು ಮನೆಯನ್ನು, ಕುಡಿತ ಬಿಟ್ಟ ಏಳೆಂಟು ಜನ ಒಟ್ಟಿಗೆ ಇರಲು ಬಾಡಿಗೆಗೆ ಹಿಡಿಯುವವರಿದ್ದರು. ಗಲ್ಲಿಯವರೆಲ್ಲ ಸೇರಿ ಮಹಾನಗರಪಾಲಿಕೆಗೆ ತಕರಾರು ಅರ್ಜಿ ಬರೆದೆವು. ‘ಹೆಣ್ಣುಮಕ್ಕಳು ಓಡಾಡುವ ರಸ್ತೆ, ಸಂಭಾವಿತರ ವಸತಿ’ ಎಂಬ ಒಕ್ಕಣೆ ನಮ್ಮದೇ. ಮನೆಯ ಮಾಲೀಕರು ಹೆದರಿ ಹಿಂದೆ ಸರಿದರು. ನಾವು ಗೆದ್ದೆವೆಂದು ಚಹಾ ಕುಡಿದೆವು.

ಆಮೇಲೆ ನಾಸಿಕಕ್ಕೆ ವರ್ಗವಾಯಿತು. ಗೋದಾವರಿಯ ಪುಣ್ಯಕ್ಷೇತ್ರ, ದ್ರಾಕ್ಷಿಯ ಊರು, ದ್ರಾಕ್ಷಾರಸದ ಊರೂ ಹೌದು. ನಮ್ಮಾಕೆಯ ತಮ್ಮ ಧಾರವಾಡದಿಂದ ಬಂದು ಸಾತಪುರದ ಒಂದು ಕಾರ್ಖಾನೆಗೆ ಸೇರಿದ. ಎರಡು ವರ್ಷದಲ್ಲಿ ಕುಡಿತ ಅವನನ್ನು ಕೆಲಸದಿಂದಲೂ ಬಿಡಿಸಿತು, ಊಟದಿಂದಲೂ ಬಿಡಿಸಿತು. ಯಾರೋ ಸಂಭಾಜಿನಗರದ ಕಡೆಯ ಒಂದು ವ್ಯಸನಮುಕ್ತಿ ಕೇಂದ್ರದ ಹೆಸರು ಹೇಳಿದರು. ಮೂರು ತಿಂಗಳ ಹಣ ಮುಂಗಡ. ಒಂದು ತಿಂಗಳು ಭೇಟಿಯಿಲ್ಲ, ಫೋನಿಲ್ಲ. ‘ಶಿಸ್ತು’ ಎಂದರು. ನಮಗೂ ಹಾಯೆನಿಸಿತ್ತು.

ಇಪ್ಪತ್ತನೆಯ ದಿನ ನಮ್ಮಾಕೆ ಹಟ ಹಿಡಿದಳು. ನಾಸಿಕ್ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿ ಹೋದೆವು. ಬಹಳ ಜಗಳವಾಡಿದ ಮೇಲೆ ಅವನನ್ನು ಕರೆತಂದರು. ಮಣಿಕಟ್ಟಿನ ಮೇಲೆ ಹಗ್ಗದ ಗುರುತಿತ್ತು. ಡಾಕ್ಟರು ಒಮ್ಮೆಯೂ ಬಂದಿರಲಿಲ್ಲವಂತೆ.

“ಭಾವಾ, ಇನ್ನ ಕುಡಿಯೂದಿಲ್ಲಂತ ನಾ ಆಣಿ ಮಾಡೂದಿಲ್ರಿ. ಆದರ ಇಲ್ಲೆ ಮಾತ್ರ ಬಿಟ್ಟು ಹೋಗಬ್ಯಾಡ್ರಿ” ಎಂದ.

ಅಂದೇ ಕರೆತಂದೆವು. ಅಂದಿನ ರಾತ್ರಿಯೇ ಕಾನೂನು ಓದಿದೆವು. ಮೊದಲು ಓದಬೇಕಾದುದನ್ನು ಕೊನೆಗೆ ಓದಿದಂತಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮನೋಸ್ಥಿತಿಯನ್ನೂ ಮಾನಸಿಕ ಕಾಯಿಲೆಯೆಂದೇ ಎಣಿಸುತ್ತದೆ. ಆದ್ದರಿಂದ ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ಪ್ರಾಧಿಕಾರದಲ್ಲಿ ನೋಂದಣಿಯಾಗಿರಲೇಬೇಕು. ಇಲ್ಲದಿದ್ದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ; ಮತ್ತೆ ಮತ್ತೆ ತಪ್ಪಿದರೆ 5 ಲಕ್ಷದವರೆಗೆ. ಸರಪಳಿಯಿಂದ ಕಟ್ಟುವುದು ಯಾವ ರೂಪದಲ್ಲಿಯೂ ಕೂಡದು. ತಾನಾಗಿಯೇ ಸೇರಿದವನು ಬಿಡುಗಡೆ ಕೇಳಿದರೆ ಬಿಡಬೇಕು. ವೈದ್ಯರಿಗೆ ಅನುಮಾನವಿದ್ದರೆ ಪರೀಕ್ಷೆಗೆಂದು 24 ಗಂಟೆ ಇರಿಸಿಕೊಳ್ಳಬಹುದು. ತಾನಾಗಿ ನಿರ್ಧರಿಸಲಾರದವನನ್ನು ಸೇರಿಸಬೇಕಾದರೆ ಇಬ್ಬರು ಸ್ವತಂತ್ರವಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ಹಕ್ಕಿಗೆ ಚ್ಯುತಿ ಬಂದರೆ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಕೊಡಬಹುದು. ಬಿ.ಎಸ್‌ಸಿ.ಯಲ್ಲಿ ಆಲ್ಕೋಹಾಲಿನ ಸೂತ್ರ ಬರೆದು ಪಾಸಾದ ನಮಗೆ, ಬಹಳ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು ಎಂಬುದೂ ತಿಳಿದಿರಲಿಲ್ಲ. ಡಾಕ್ಟರಿಲ್ಲದ ಕೇಂದ್ರವೆಂದರೆ ಅಷ್ಟು ಅಪಾಯ.

ನಾಸಿಕದ ಒಬ್ಬ ಮನೋವೈದ್ಯರು ಸರಿಯಾದ ಚಿಕಿತ್ಸೆ ಕೊಟ್ಟರು. ಕೊನೆಗೆ ಹೇಳಿದರು: “ದೇಹದೊಳಗಿನ ಮದ್ಯ ಇಳಿಯಿತು. ಇನ್ನು ಮದ್ಯವಿಲ್ಲದೆ ಬದುಕುವ ರೂಢಿಯಾಗಬೇಕು. ಕುಡಿತ ಬಿಟ್ಟ ನಾಲ್ಕು ಜನರ ಜೊತೆ ಕೆಲವು ತಿಂಗಳು ಇದ್ದರೆ ಒಳ್ಳೆಯದು.” ಅಂಥ ನಾಲ್ಕು ಜನ ಸಿಕ್ಕರು, ಮನೆ ಮಾತ್ರ ಸಿಗಲಿಲ್ಲ. ಪ್ರತಿ ಮಾಲೀಕರ ಉತ್ತರವೂ ಒಂದೇ: “ಹೆಣ್ಣುಮಕ್ಕಳು ಓಡಾಡುವ ರಸ್ತೆ, ಸಾಹೇಬರೆ.” ನಮ್ಮ ಒಕ್ಕಣೆ ನಮಗೇ ಮರಳಿ ಬಂದಿತ್ತು.

ಈ ಜಗಳ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಎಡ್ಮಂಡ್ಸ್ ನಗರ, ಸಂಬಂಧವಿಲ್ಲದ ಐವರಿಗಿಂತ ಹೆಚ್ಚು ಜನ ಕುಟುಂಬ ವಸತಿಯ ಮನೆಯಲ್ಲಿ ಕೂಡದೆಂಬ ನಿಯಮ ಹಿಡಿದು ‘ಆಕ್ಸ್‌ಫರ್ಡ್ ಹೌಸ್’ ಎಂಬ ಇಂಥದೇ ಮನೆಗೆ ಅಡ್ಡ ಬಂದಿತು. ಆ ನಿಯಮಕ್ಕೆ ವಸತಿಯಲ್ಲಿ ಭೇದಭಾವ ತಡೆಯುವ ಕಾನೂನಿನಿಂದ ವಿನಾಯಿತಿಯಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಕೋರ್ಟಿನವರೆಗೆ ಹೋಗುವುದೇ ಬೇಡ. ಗಲ್ಲಿಯ ಒಂದು ಅರ್ಜಿ ಸಾಕು. ಒಳ್ಳೆಯ ಮನೆಗಳನ್ನು ನಾವೇ ಊರಿನಿಂದ ಓಡಿಸಿದರೆ ಬೀಗದ ಗೇಟಿನವರಿಗೇ ಗಿರಾಕಿ ಹೆಚ್ಚುತ್ತದೆ.

ಆದ್ದರಿಂದ ವಾಚಕರಲ್ಲಿ ಎರಡು ಬಿನ್ನಹ. ಸೇರಿಸುವ ಮುನ್ನ ನೋಂದಣಿ ಪತ್ರ ಕೇಳಿರಿ, ಡಾಕ್ಟರು ಯಾರೆಂದು ಕೇಳಿರಿ, ಭೇಟಿಗೆ ಬಿಡದಿದ್ದರೆ ಅಲ್ಲಿಂದಲೇ ಹಿಂದಿರುಗಿರಿ. ತಕರಾರು ಅರ್ಜಿ ಸಹಿಗೆ ಬಂದಾಗಲೂ ಮೊದಲು ಆ ಪತ್ರವನ್ನೇ ಕೇಳಿ ನೋಡಿರಿ. ಆಮೇಲೆ ಪೆನ್ನು ತೆಗೆಯಿರಿ.

ಹುಡುಗ ಈಗ ನಮ್ಮ ಹಿಂದಿನ ಕೋಣೆಯಲ್ಲಿದ್ದಾನೆ. ಹನ್ನೊಂದು ತಿಂಗಳಾಯಿತು, ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ಬಂಧುಗಳ ಮನೆಗೆ ಮಾತ್ರ ಕಾಯಿದೆ ನೋಂದಣಿ ಕೇಳುವುದಿಲ್ಲ. ಸಂಜೆ ಅವನು ಬರುವುದು ತಡವಾದರೆ ನಮ್ಮಾಕೆ ಬಾಗಿಲಲ್ಲಿ ನಿಂತಿರುತ್ತಾಳೆ. ನಾವು ಪತ್ರಿಕೆ ಹಿಡಿದು ಕುಳಿತಿರುತ್ತೇವೆ, ಓದುವುದಿಲ್ಲ.